ದುರುಗಪ್ಪನಿಗೆ ಮೀಸಲಿಟ್ಟ ಹನ್ನೊಂದು ದಿನ

೨೦೨೪ರ ನವೆಂಬರ್ ೧೯, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಚನ್ನಗಿರಿ ಕಚೇರಿಯ ಗೋಡೆಯ ಮೇಲೆ ದುರುಗಪ್ಪ ಇನ್ನೂ ಸತ್ತಿರಲಿಲ್ಲ. ಪ್ರೊಜೆಕ್ಟರಿನ ಬೆಳಕಿನಲ್ಲಿ ಅವನ ಸಾಲು ಹಳದಿಯಾಗಿಯೇ ಉಳಿದಿತ್ತು. ಸಂಭವಿಸಿ ಮುಗಿದ ಅಪಾಯಕ್ಕೆ ಹಸಿರು, ಇನ್ನು ಸಂಭವಿಸಲು ಸಾಧ್ಯವಿಲ್ಲದ ಅಪಾಯಕ್ಕೆ ಬೂದು, ಸಂಭವಿಸಬಹುದಾಗಿದ್ದೂ ಸುಮ್ಮನೆ ಕುಳಿತ ಅಪಾಯಕ್ಕೆ ಹಳದಿ; ಈ ಬಣ್ಣಗಳನ್ನು ಆರಿಸಿದವನು ಗುರುಬಸವರಾಜನೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರುಗಳಿಗೆ ಹೊಸ ಕುಡಿಯುವ ನೀರಿನ ಪೈಪು ಹಾಕುವ ಯೋಜನೆಯಲ್ಲಿ ಅವನು ವೇಳಾಪಟ್ಟಿಯ ಎಂಜಿನಿಯರು. ಪೈಪನ್ನು ಅವನು ಮುಟ್ಟಬೇಕಾಗಿರಲಿಲ್ಲ. ಯಾವ ಕೆಲಸ ಯಾವ ದಿನ ಮುಗಿಯಬೇಕು, ಏನಾದರೂ ಕೆಟ್ಟರೆ ಎಷ್ಟು ದಿನ ಕೈಯಲ್ಲಿರಬೇಕು ಎಂದು ಬರೆಯುವುದಷ್ಟೇ ಅವನ ಕೆಲಸ. ಈಗ ಮೇಜಿನ ಸುತ್ತ ಕುಳಿತವರೆಲ್ಲ ಆ ಒಂದು ಹಳದಿ ಸಾಲನ್ನು, ಊಟದ ಪಂಕ್ತಿಯಲ್ಲಿ ಎಲ್ಲರೂ ಎದ್ದರೂ ಇನ್ನೂ ತಿನ್ನುತ್ತಿರುವವನನ್ನು ನೋಡುವಂತೆ, ತಾಳ್ಮೆಯಿಂದ ನೋಡುತ್ತಿದ್ದರು.

"ಜಗಳೂರಿನೋರು ಕರಡಿಗೆ ನಾಕು ದಿನ ಇಟ್ಟಿದ್ರು," ಎಂದರು ಯೋಜನೆಯ ಮುಖ್ಯಸ್ಥರಾದ ಹಾಲಸ್ವಾಮಿ. "ಕರಡಿ ಬಂತು. ಪೈಪಿನೊಳಗೇ ಮಕ್ಕಂಡಿತ್ತು, ಫೋಟೋನೂ ಐತೆ. ಹೊನ್ನಾಳಿಯೋರು ಹೊಳೆಗೆ ಅಂತ ಒಂಬತ್ತು ದಿನ ಇಟ್ಟಿದ್ರು. ಹೊಳೆ ಬಂತು. ನಿಮ್ಮ ನ್ಯಾಮತಿ ಒಂದೇ ನೋಡ್ರಿ ಗುರುಬಸವರಾಜ್. ಹನ್ನೊಂದು ದಿನ ಹಂಗೇ ಕೂತಾವೆ."

"ಸಾರ್, ಅದು ಆಗದೇ ಇರೋದು ಒಳ್ಳೇದಲ್ವಾ?"

"ಒಳ್ಳೇದು ಕೆಟ್ಟದ್ದು ನಾನು ಕೇಳಾಕೆ ಹೋಗಿಲ್ಲ. ಆಗದೇ ಇದ್ರೆ ಯಾಕೆ ಇಟ್ರಿ ಅಂತ ಮೇಲಿನೋರು ಕೇಳ್ತಾರೆ. ಒಂಬತ್ತು ದಿನದಿಂದ ಕೆಲಸ ನಿಂತೈತೋ ಇಲ್ಲೋ?"

"ನಿಂತಿದೆ ಸಾರ್."

"ಯಾಕೆ ನಿಂತೈತೆ?"

"ದುರುಗಪ್ಪ ಬರ್ತಿಲ್ಲ."

"ಮತ್ತೆ? ಸಂಭವಿಸಿದೆ ಅಂತ ಹಾಕ್ರಿ."

"ಸಾರ್, ಅವನು ಬದುಕಿದಾನೆ."

"ಎಲ್ಲಿ ಅದಾನೆ?"

"ಮನೇಲಿ."

"ಮನೇಲಿದ್ರೆ ನಮ್ಮ ಚಾರ್ಟಿಗೆ ಏನ್ರಿ ಫರಕು?" ಎಂದು ಹಾಲಸ್ವಾಮಿ ನಿಜವಾಗಿಯೂ ತಿಳಿಯಲು ಬಯಸುವವರಂತೆ ಕೇಳಿದರು. ಜಗಳೂರಿನ ಎಂಜಿನಿಯರು ಕರಡಿಯ ಫೋಟೋ ಇದ್ದ ಫೋನನ್ನು ಮೆಲ್ಲಗೆ ಬೋರಲು ಹಾಕಿಕೊಂಡ. "ಸಂಜೆ ಆರಕ್ಕೆ ಪಟ್ಟಿ ಲಾಕ್ ಆಗುತ್ತೆ. ಅಷ್ಟರೊಳಗೆ ಹಸಿರು ಮಾಡ್ರಿ, ಇಲ್ಲಾ ಬೇರೆ ಕಾರಣ ಬರೀರಿ. ಹಳದಿ ಇರಬಾರದು."

ಹಸಿರು ಮಾಡಿದರೆ ಏನಾಗುತ್ತದೆಂದು ಗುರುಬಸವರಾಜನಿಗೆ ಗೊತ್ತಿತ್ತು, ಆ ಪಟ್ಟಿಯನ್ನು ಕೂಲಿಯವರ ಹಾಜರಿಗೆ ಜೋಡಿಸಿದವನೂ ಅವನೇ. ಮರಣ ಎಂಬ ಸಾಲು ಹಸಿರಾದ ಕೂಡಲೇ ಹಾಜರಿಯಿಂದ ಹೆಸರು ತಾನಾಗಿ ಬಿದ್ದುಹೋಗುತ್ತದೆ. ನ್ಯಾಮತಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ದಿನಗೂಲಿಯ ಮೇಲೆ ನೀರು ಬಿಡುತ್ತಿರುವ ದುರುಗಪ್ಪನ ಹೆಸರು ಒಮ್ಮೆ ಬಿದ್ದರೆ, ಮತ್ತೆ ಸೇರಿಸಲು ಅವನು ಸತ್ತಿಲ್ಲವೆಂದು ರುಜುವಾತು ಬೇಕು. ಆ ರುಜುವಾತಿಗೆ ಸಹಿ ಹಾಕಬೇಕಾದವನು ವೇಳಾಪಟ್ಟಿಯ ಎಂಜಿನಿಯರು. ಅಂದರೆ ತಾನು. ತಾನು ಬರೆದದ್ದನ್ನು ತಾನೇ ಸುಳ್ಳೆಂದು ಬರೆಯಲು ಆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಏಪ್ರಿಲ್‌ನಲ್ಲಿ ಎಲ್ಲರೂ ತಮ್ಮ ತಮ್ಮ ಊರಿನ ಅಪಾಯಗಳನ್ನು ಬರೆದು ತರಬೇಕೆಂದಾಗ ಉಳಿದವರು ಮಳೆ, ಬಂಡೆ, ಸಿಮೆಂಟಿನ ಅಭಾವ ಎಂದು ಬಾಯಿಗೆ ಬಂದದ್ದನ್ನು ಬರೆದಿದ್ದರು. ಗುರುಬಸವರಾಜ ಹಾಗೆ ಮಾಡುವವನಲ್ಲ. ನ್ಯಾಮತಿಯಲ್ಲಿ ಮೂರು ದಿನ ತಿರುಗಾಡಿದ. ಹಳೆಯ ಪೈಪಿನ ಹದಿನೈದು ವಾಲ್ವುಗಳು ನೆಲದಡಿ ಎಲ್ಲೆಲ್ಲಿ ಹೂತಿವೆ ಎನ್ನುವುದಕ್ಕೆ ನಕ್ಷೆಯೇ ಇಲ್ಲ, ಅದು ಗೊತ್ತಿರುವುದು ದುರುಗಪ್ಪ ಒಬ್ಬನಿಗೆ ಎಂದು ಪತ್ತೆಮಾಡಿದ. ಅವುಗಳಲ್ಲಿ ದೊಡ್ಡ ವಾಲ್ವನ್ನು ಮುಚ್ಚದೆ ಹೊಸ ಪೈಪನ್ನು ಹಳೆಯದಕ್ಕೆ ಜೋಡಿಸುವಂತಿಲ್ಲ. ದುರುಗಪ್ಪನಿಗೆ ಐವತ್ತೆಂಟು, ಬೀಡಿ ಉಂಟು, ಎರಡು ವರ್ಷದ ಹಿಂದೆ ಒಮ್ಮೆ ಎದೆನೋವು. ಸಂಭವ: ಮಧ್ಯಮ. ಆಮೇಲೆ ಎಷ್ಟು ದಿನ? ಮಣ್ಣು ಅಗೆಯುವ ಒಂಬತ್ತು ಜನ ದುರುಗಪ್ಪನ ತಮ್ಮ ಗೋಣೆಪ್ಪನ ತಂಡ, ಎಲ್ಲರೂ ಅಣ್ಣತಮ್ಮಂದಿರ ಮಕ್ಕಳು, ಒಂದೇ ಮನೆತನ. ಒಂದು ದಿನ ಟೀ ಕುಡಿಯುವಾಗ ಸುಮ್ಮನೆ ಮಾತಿಗೆ ಎಂಬಂತೆ, "ನಿಮ್ಮಲ್ಲಿ ಸೂತಕ ಎಷ್ಟು ದಿನ ಗೋಣೆಪ್ಪ?" ಎಂದು ಕೇಳಿದ್ದ. "ಹನ್ನೊಂದು ದಿನ ಗುದ್ದಲಿ ಮುಟ್ಟಂಗಿಲ್ರಿ ಸಾರ್," ಎಂದಿದ್ದ ಗೋಣೆಪ್ಪ, ಇಂಥ ದೊಡ್ಡ ಮನುಷ್ಯರು ನಮ್ಮ ಮನೆಯ ಪದ್ಧತಿ ಕೇಳುತ್ತಾರಲ್ಲ ಎಂದು ಮುಖ ಅರಳಿಸಿ. ನಾಲ್ಕೂ ಊರುಗಳ ಪಟ್ಟಿಯಲ್ಲಿ ಊಹೆಯಲ್ಲದ ಅಂಕಿ ಆ ಹನ್ನೊಂದು ಒಂದೇ. ಅದನ್ನು ಟೈಪು ಮಾಡಿದ ದಿನ ಅವನಿಗೆ ಕಾಲೇಜಿನ ಪ್ರಯೋಗಾಲಯದಲ್ಲಿ ಸರಿಯಾದ ಉತ್ತರ ಬಂದಾಗಿನ ಹಳೆಯ ಸುಖ ಆಗಿತ್ತು. ಒಂದು ಬೆಳಗ್ಗೆ ಹಾಳೆ ಹಿಡಿದು ದುರುಗಪ್ಪನ ಜೊತೆ ನಡೆದು ಹದಿನೈದು ಗುರುತು ಹಾಕಿಕೊಂಡಿದ್ದರೆ ಬೇರೆ ಯಾವ ತಂಡವನ್ನಾದರೂ ತಂದು ಅಗೆಸಬಹುದಿತ್ತು, ಈ ಹನ್ನೊಂದು ದಿನ ಬೇಕೇ ಇರಲಿಲ್ಲ ಎಂಬುದು ಹೊಳೆದಿರಲಿಲ್ಲವೇ? ಹೊಳೆದಿತ್ತು. ಆದರೆ ಅದು 'ನಿವಾರಣೆ' ಎಂಬ ಬೇರೆ ಕಾಲಂ. ಅಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದಿದ್ದ.

ಪಟ್ಟಿಯನ್ನು ಆಯಾ ಊರಿನ ಶೆಡ್ಡಿನ ಗೋಡೆಗೆ ಜನರ ಭಾಷೆಯಲ್ಲಿ ಅಂಟಿಸಬೇಕೆಂದು ಈ ತಿಂಗಳ ಮೊದಲಲ್ಲಿ ಆದೇಶ ಬಂತು. ಗುರುಬಸವರಾಜ ತಾನೇ ಕೂತು ಕನ್ನಡಕ್ಕೆ ತಂದ. ಕಷ್ಟಪಟ್ಟು ತಂದ. 'ದುರುಗಪ್ಪನ ಮರಣ. ಸಂಭವ: ಮಧ್ಯಮ. ಮೀಸಲು: ೧೧ ದಿನ.' ಶನಿವಾರ ಅಂಟಿಸಿದರು. ಸೋಮವಾರ ಯಾರೂ ಕೆಲಸಕ್ಕೆ ಬರಲಿಲ್ಲ. ಆ ದಿನ ಮಧ್ಯಾಹ್ನ ದುರುಗಪ್ಪನ ಹೆಂಡತಿ ಭೀಮಕ್ಕ ಫೋನು ಮಾಡಿದ್ದಳು. ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ. "ಸಾರ್, ಮಧ್ಯಮ ಅಂದ್ರೆ ಏನ್ರಿ? ಅರ್ಧ ಸಾಯೋದಾ?" ಎಂದು ಮಾತ್ರ ಕೇಳಿದಳು.

ಸಭೆ ಮುಗಿಸಿ ಹೊರಟವನಿಗೆ ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಒಂದು ಬಸ್ಸು ತಪ್ಪಿದರೆ ಇನ್ನೊಂದಿರಲಿ ಎಂದು ಯಾವಾಗಲೂ ಅರ್ಧ ಗಂಟೆ ಮೊದಲೇ ನಿಲ್ದಾಣಕ್ಕೆ ಬರುವವನು ಅವನು. ಆದ್ದರಿಂದ ಅವನ ಬಸ್ಸು ತಪ್ಪಿದ್ದೇ ಇಲ್ಲ, ಮತ್ತು ಜೀವನದಲ್ಲಿ ಎಷ್ಟು ಅರ್ಧ ಗಂಟೆಗಳು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹೋದವು ಎಂದು ಅವನು ಲೆಕ್ಕ ಹಾಕಿಲ್ಲ. ಮುಂದಿನ ಸೀಟಿನ ಮುದುಕರೊಬ್ಬರ ಕಿವಿಯ ಹಿಂದೆ ಬಿಳಿಯ ಕೂದಲು ಚೆನ್ನಾಗಿ ಕತ್ತರಿಸದೆ ಉಳಿದಿತ್ತು. ಅಪ್ಪಾಜಿಯ ಕಿವಿಯ ಹಿಂದೆಯೂ ಹಾಗೇ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವರು ಎರಡು ತಿಂಗಳಿದ್ದಾಗ ಗುರುಬಸವರಾಜನ ಬಳಿ ಹದಿಮೂರು ದಿನ ರಜೆ ಉಳಿದಿತ್ತು. ಭಾನುವಾರಗಳಲ್ಲಿ ಹೋಗಿ ಸಂಜೆಗೆ ವಾಪಸಾಗುತ್ತಿದ್ದ. ಒಂದು ಬುಧವಾರ ಅವರೇ ಅಣ್ಣನ ಫೋನಿನಿಂದ ಮಾತಾಡಿದರು. "ಎರಡು ದಿನ ಇರಂಗೆ ಬರಾಕೆ ಆಗಲ್ಲೇನಪ್ಪಾ?" "ಲೀವ್ ಉಳಿಸ್ಕೊಂಡಿದೀನಿ ಅಪ್ಪಾಜಿ." "ಯಾತಕ್ಕೆ?" ಆ ಪ್ರಶ್ನೆಯ ನಂತರ ಲೈನಿನಲ್ಲಿ ಆಸ್ಪತ್ರೆಯ ಟ್ರಾಲಿಯ ಚಕ್ರದ ಸದ್ದು ಬಂತು, ಹತ್ತಿರವಾಯಿತು, ದೂರವಾಯಿತು. "ಹೂಂ," ಎಂದರು ಅಪ್ಪಾಜಿ. "ಉಳಿಸ್ಕೋ." ಅವರು ತೀರಿಕೊಂಡ ಮೇಲೆ ಹದಿಮೂರು ದಿನದಲ್ಲಿ ಎಲ್ಲ ಕಾರ್ಯ ಮುಗಿಸಿ ಕೆಲಸಕ್ಕೆ ಹೊರಟ ಬೆಳಗ್ಗೆ ಹೆಂಡತಿ ಕಲ್ಪನಾ ಅವನ ಡಬ್ಬಿ ಕಟ್ಟುತ್ತ, "ನಿಮ್ಮ ಲೀವು ಸರಿಯಾಗಿ ಹೊಂದ್ತಲ್ಲ," ಎಂದಿದ್ದಳು. ಅದರಲ್ಲಿ ಚುಚ್ಚು ಇತ್ತೋ ಸಮಾಧಾನ ಇತ್ತೋ ಅವನು ಇವತ್ತಿಗೂ ಕೇಳಿಲ್ಲ. ಬಸ್ಸು ಹೊನ್ನಾಳಿಯ ಸೇತುವೆ ಹತ್ತಿತು. ಒಂಬತ್ತು ದಿನಗಳನ್ನು ತಿಂದು ಮುಗಿಸಿದ ಹೊಳೆ ಕೆಳಗೆ ಮರಳಿನ ನಡುವೆ ಏನೂ ಆಗದಂತೆ ಬಿದ್ದುಕೊಂಡಿತ್ತು.

ದುರುಗಪ್ಪನ ಮನೆಯ ಜಗುಲಿಯ ಮೇಲೆ ಗೋಣೆಪ್ಪನ ತಂಡ ಚೌಕಾಬಾರ ಆಡುತ್ತಿತ್ತು. ಎಂಜಿನಿಯರನ್ನು ಕಂಡು ಎಲ್ಲರೂ ಎದ್ದುನಿಂತರು, ಕವಡೆಗಳನ್ನು ಮಾತ್ರ ಬಿದ್ದಲ್ಲೇ ಬಿಟ್ಟರು.

"ಬರ್ರಿ ಸಾರ್. ಮುಟ್ಟಂಗಿಲ್ಲ ನಮ್ಮನ್ನ, ಸೂತಕ."

"ಯಾರ ಸೂತಕ ಗೋಣೆಪ್ಪ?"

"ಅಣ್ಣಂದು," ಎಂದು ಗೋಣೆಪ್ಪ ಬಾಗಿಲ ಕಡೆ ಕೈ ತೋರಿಸಿದ. ಬಾಗಿಲಲ್ಲಿ ದುರುಗಪ್ಪ ಬಸಿಯಲ್ಲಿ ಟೀ ಹಾಕಿಕೊಂಡು ಊದುತ್ತ ನಿಂತಿದ್ದ. ನುಣ್ಣಗೆ ಕ್ಷೌರ ಮಾಡಿಸಿಕೊಂಡಿದ್ದ. ಮೈಮೇಲೆ ಮಡಿಕೆಯ ಗೆರೆ ಮಾಸದ ಹೊಸ ಬನಿಯನ್ನು. "ಸರ್ಕಾರದ ಕಾಗದದಾಗೆ ಬರದೈತೆ ಅಂದ ಮ್ಯಾಲೆ ನಾವು ಸುಮ್ನೆ ಗುದ್ದಲಿ ಹಿಡದ್ರೆ ತಪ್ಪಲ್ಲೇನ್ರಿ? ಇವತ್ತಿಗೆ ಒಂಬತ್ತು. ಇನ್ನ ಎಲ್ಡು ದಿನ ಐತೆ. ಹನ್ನೊಂದರ ದಿನ ಭೀಮಕ್ಕ ಹೋಳಿಗೆ ಮಾಡ್ತಾಳೆ, ಬರಬೇಕು ನೀವು."

"ಅಣ್ಣನೂ ಊಟಕ್ಕೆ ಕೂರ್ತಾನಾ?" ಎಂಬ ಮಾತು ಅವನ ಬಾಯಿಂದ ಬಂದೇಬಿಟ್ಟಿತು.

"ಅವಂಗೇ ಮೊದಲನೇ ಎಲೆ," ಎಂದಳು ಭೀಮಕ್ಕ ಒಳಗಿನಿಂದ. ತಂಡ ನಕ್ಕಿತು. ಅವರೆಲ್ಲ ನಗುತ್ತಿದ್ದರು, ಭೀಮಕ್ಕನನ್ನು ಬಿಟ್ಟು.

"ದುರುಗಪ್ಪ, ಒಳಗೆ ಬನ್ನಿ, ಸ್ವಲ್ಪ ಮಾತಾಡಬೇಕು," ಎಂದ ಗುರುಬಸವರಾಜ. ಏಪ್ರಿಲ್‌ನಿಂದ ಅವನನ್ನು ಬಾ, ಹೋಗು ಎನ್ನುತ್ತಿದ್ದವನ ಬಾಯಲ್ಲಿ ಬನ್ನಿ ಬಂದದ್ದು ಅವನಿಗೇ ಆಮೇಲೆ ಗೊತ್ತಾಯಿತು.

"ನೋಡ್ರಪ್ಪ," ಎಂದ ದುರುಗಪ್ಪ ಜಗುಲಿಗೆ ಕೇಳುವಂತೆ. "ಸತ್ತ ಮ್ಯಾಲೆ ಮರ್ಯಾದೆ ಜಾಸ್ತಿ ಆತು."

ಹಿತ್ತಲಿನಲ್ಲಿ ನೀರಿನ ತೊಟ್ಟಿಯ ಪಕ್ಕ ಇಬ್ಬರೂ ನಿಂತರು. ಗುರುಬಸವರಾಜ ಬಸ್ಸಿನಲ್ಲಿ ಸಿದ್ಧಮಾಡಿಕೊಂಡ ಮಾತುಗಳನ್ನು ಒಂದೊಂದಾಗಿ ಹೇಳಿದ. ಅದು ಲೆಕ್ಕ ಅಷ್ಟೇ, ಮನಸ್ಸಿನಲ್ಲಿ ಏನೂ ಇರಲಿಲ್ಲ. ಸಂಜೆ ಆರಕ್ಕೆ ಪಟ್ಟಿ ಮುಚ್ಚುತ್ತದೆ. ದೊಡ್ಡ ವಾಲ್ವು ತೋರಿಸಿಬಿಟ್ಟರೆ ಆ ಸಾಲು ಬೂದು ಬಣ್ಣಕ್ಕೆ ಹೋಗುತ್ತದೆ, ಹಾಜರಿಯಲ್ಲಿ ಹೆಸರು ಉಳಿಯುತ್ತದೆ. ದುರುಗಪ್ಪ ಎಲ್ಲವನ್ನೂ ಕೇಳಿ ಬಸಿಯನ್ನು ತೊಟ್ಟಿಯ ಕಟ್ಟೆಯ ಮೇಲೆ ಕವುಚಿಟ್ಟ. ಅವನ ಮುಖದಲ್ಲಿ ಜಗುಲಿಯ ನಗೆ ಇರಲಿಲ್ಲ.

"ನಾನು ಸತ್ರೆ ಹನ್ನೊಂದು ದಿನ ಅಂತ ಬರದ್ರಿ. ಬದುಕಿದ್ರೆ ಎಷ್ಟು ದಿನ ಅಂತ ಯಾಕೆ ಬರೀಲಿಲ್ಲ ಸಾರ್?"

"ಬದುಕಿದ್ರೆ ಅಪಾಯ ಎಲ್ಲಿ?"

"ಅಲ್ಲೇ ತಪ್ಪಿದ್ದು ನೀವು," ಎಂದ ದುರುಗಪ್ಪ. ದನಿ ತಗ್ಗಿಸಿದ. "ಹದಿನಾಕು ನಂಗೆ ಗೊತ್ತು. ಕಣ್ಣು ಮುಚ್ಚಿ ನಡದು ತೋರಸ್ತೀನಿ. ಆ ದೊಡ್ಡದು ಗೊತ್ತಿಲ್ಲ."

ತೊಟ್ಟಿಯ ನೀರಿನ ಮೇಲೆ ಒಂದು ಸೀಗೆ ಎಲೆ ನಿಧಾನವಾಗಿ ತಿರುಗುತ್ತಿತ್ತು. ಗುರುಬಸವರಾಜ ಅದು ಒಂದು ಪೂರ್ತಿ ಸುತ್ತು ಬರುವವರೆಗೆ ನೋಡಿದ.

"ನನಗಿಂತ ಮುಂಚೆ ನೀರು ಬಿಡ್ತಿದ್ದೋನು ತಿಪ್ಪೇಶಪ್ಪ. ಅದನ್ನ ಮುಚ್ಚಿ ತಗದಿದ್ದು ಅವನು, ಒಂದೇ ಸಲ. ನಾನು ಆಗ ಅವನ ಜೊತೆಗೆ ಹೊಸದಾಗಿ ಸೇರಿದ್ದೆ. ಆಮ್ಯಾಲೆ ಅದರ ಮ್ಯಾಲೆ ನಾಕು ಸಲ ಡಾಂಬರು ಬಿತ್ತು, ರೋಡು ಅಗಲ ಆತು, ಬೇವಿನ ಮರ ಹೋತು. ತಿಪ್ಪೇಶಪ್ಪ ಹೋದ. ಯಾರು ಕೇಳಿದ್ರೂ ಹದಿನೈದೂ ಗೊತ್ತು ಅಂತ ಹೇಳ್ಕಂಡು ಬಂದೆ. ಅದೊಂದಕ್ಕೇ ಅಲ್ವಾ ಸಾರ್ ನನ್ನ ಇಟ್ಕಂಡಿರೋದು? ನಿಮ್ಮ ಚೀಟಿ ಓದಿದಾಗ ಭೀಮಕ್ಕ ಅತ್ಲು. ನಂಗೆ, ದೇವರಾಣೆ ಹೇಳ್ತೀನಿ, ಹಗುರ ಆತು. ಹನ್ನೊಂದು ದಿನ ಸಿಕ್ತಲ್ಲ, ಅಷ್ಟರೊಳಗೆ ನೆಪ್ಪಾದ್ರೆ ಆತು ಅಂತ."

ಅಂದರೆ ಗುರುಬಸವರಾಜ ಲೆಕ್ಕ ಹಾಕಿದ ನಷ್ಟ ಇಪ್ಪತ್ತು ವರ್ಷಗಳ ಹಿಂದೆಯೇ ಆಗಿಹೋಗಿತ್ತು. ಅದಕ್ಕೆ ಯಾರೂ ಒಂದು ದಿನವನ್ನೂ ಮೀಸಲಿಟ್ಟಿರಲಿಲ್ಲ. ಇರುವ ಮನುಷ್ಯನ ಮುಂದೆ ನಿಂತು ಇಲ್ಲದ ಮನುಷ್ಯನ ಅಪಾಯವನ್ನು ಅವನ ಹೆಸರಿಗೆ ಬರೆದಿದ್ದ. ಈಗ 'ಬೇರೆ ಕಾರಣ' ಎಂಬಲ್ಲಿ ಸತ್ಯವನ್ನು ಬರೆಯಬಹುದು: ದುರುಗಪ್ಪನಿಗೆ ಗೊತ್ತಿಲ್ಲ. ಎರಡೇ ಪದ. ಹಾಲಸ್ವಾಮಿಗೂ ಅದು ಸಾಕು. ಆದರೆ ಅದನ್ನು ಬರೆದರೂ ಹೆಸರು ಬೀಳುತ್ತದೆ, ಸತ್ತನೆಂದು ಬರೆದರೂ ಬೀಳುತ್ತದೆ. ಎರಡನೆಯದರಲ್ಲಿ ಮರ್ಯಾದೆಯಾದರೂ ಉಳಿಯುತ್ತದಲ್ಲ ಎಂದು ಒಂದು ಕ್ಷಣ ಗಂಭೀರವಾಗಿ ಯೋಚಿಸಿದ ತನ್ನ ಬುದ್ಧಿಯ ಬಗ್ಗೆ ಅವನಿಗೆ ಹೇಸಿಗೆಯಾಯಿತು. ಗಡಿಯಾರ ಎರಡು ಗಂಟೆ ಐವತ್ತು ತೋರಿಸುತ್ತಿತ್ತು.

"ಗುದ್ದಲಿ ಎಲ್ಲಿದೆ?" ಎಂದ.

"ತಂಡದೋರು ಮುಟ್ಟಲ್ಲ ಸಾರ್, ಹೇಳಿದ್ರಲ್ಲ."

"ನಾನು ಮುಟ್ಟಬಹುದಲ್ಲ. ನಿಮಗೂ ನಿಮ್ಮದೇ ಸೂತಕ ಇರಲಾರದು."

ಬೇವಿನ ಮರ ಇದ್ದಿರಬಹುದಾದ ಜಾಗದಲ್ಲಿ, ರಸ್ತೆಯಂಚಿನ ಮಣ್ಣಿನಲ್ಲಿ, ಅವರು ಮೊದಲ ಗುಂಡಿ ತೋಡಿದರು. ಒಂದು ಗಂಟೆ ತೋಡಿದರು. ಹಾರೆ ಬಿದ್ದಲ್ಲೆಲ್ಲ ಗಟ್ಟಿ ಗರಸು ಮಣ್ಣು, ಗುರುಬಸವರಾಜನ ಅಂಗೈಯಲ್ಲಿ ಎರಡು ಬೊಬ್ಬೆ. ಯೋಜನೆಗೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ಒಂದು ಘನ ಮೀಟರ್ ಮಣ್ಣಿಗೆ ಒಬ್ಬ ಆಳಿಗೆ ಇಷ್ಟು ಹೊತ್ತು ಎಂದು ಅವನು ಎಷ್ಟು ಸಲ ಬರೆದಿಲ್ಲ. ಆ ಅಂಕಿಯಲ್ಲಿ ಬೆವರು ಕಣ್ಣಿಗೆ ಇಳಿದು ಉರಿಯುವುದು ಸೇರಿರಲಿಲ್ಲ. ದಾರಿಯಲ್ಲಿ ಹೋಗುವ ಬೈಕುಗಳು ನಿಧಾನವಾಗಿ, ನೋಡಿ, ಮುಂದೆ ಹೋಗುತ್ತಿದ್ದವು. ಗೊಬ್ಬರದ ಅಂಗಡಿಯ ಷಣ್ಮುಖಪ್ಪ ಗಲ್ಲಾ ಬಿಟ್ಟು ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನ್ ಸಾರ್, ಸತ್ತೋನ ಗುಂಡೀನ ಅವನ ಕೈಲೇ ತೋಡಸ್ತಿದೀರಾ?"

"ಅರ್ಧ ನಾನು ತೋಡಿದೀನಿ," ಎಂದ ಗುರುಬಸವರಾಜ.

"ಹಂಗಾದ್ರೆ ಇಬ್ಬರಿಗೂ ಸಾಲಲ್ಲ, ಇನ್ನ ಸ್ವಲ್ಪ ಅಗಲ ಮಾಡ್ರಿ," ಎಂದು ಷಣ್ಮುಖಪ್ಪ ತನ್ನ ಮಾತಿಗೆ ತಾನೇ ಮೆಚ್ಚಿ ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟ.

ದುರುಗಪ್ಪ ನೀರು ಕುಡಿದು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತ. ಕುಳಿತವನು ಚೊಂಬನ್ನು ಹಿಂದಿರುಗಿಸಲು ಎಡಗೈಯನ್ನು ಪಕ್ಕಕ್ಕೆ ಚಾಚಿದ. ಚಾಚಿದ ಕೈ ಹಾಗೇ ನಿಂತಿತು.

"ಎದ್ದಿರಲಿಲ್ಲ ಸಾರ್ ಅವನು."

"ಯಾರು?"

"ತಿಪ್ಪೇಶಪ್ಪ. ಆವತ್ತು ವಾಲ್ವು ಮುಚ್ಚಿ ಸುಸ್ತಾಗಿ ಅದರ ಬಂಡೆ ಮ್ಯಾಲೇ ಕೂತ. ಪಕ್ಕದಾಗೇ ಉಡಚಮ್ಮನ ಹೋಟ್ಲು ಕಿಟಕಿ ಇತ್ತು. ಕಿಟಕಿಯಾಗಿಂದ ಅವಳು ಟೀ ಕೊಟ್ಲು. ಇವನು ಏಳಲೇ ಇಲ್ಲ, ಕೂತಲ್ಲೇ ಕೈ ನೀಡಿ ಇಸ್ಕಂಡ. ಏಳೋ ಸೋಮಾರಿ ಅಂತ ಅವಳು ಬೈದ್ಲು. ನಾನು ನಕ್ಕೆ."

ಉಡಚಮ್ಮನ ಹೋಟೆಲೇ ಈಗ ಷಣ್ಮುಖಪ್ಪನ ಅಂಗಡಿ. ರಸ್ತೆ ಅಗಲವಾದದ್ದು ಎದುರು ಬದಿಯಲ್ಲಿ. ಈ ಗೋಡೆ ಅದೇ ಗೋಡೆ. ಸುಣ್ಣದ ಕೆಳಗೆ, ಹೊಸ ಇಟ್ಟಿಗೆಯಿಂದ ಮುಚ್ಚಿದ ಕಿಟಕಿಯ ಚೌಕ ತೆಳುವಾಗಿ ಕಾಣುತ್ತಿತ್ತು. ದುರುಗಪ್ಪ ಎಂಜಿನಿಯರನ್ನು ತೋಳು ಹಿಡಿದು ಕರೆದುಕೊಂಡು ಹೋಗಿ ಆ ಚೌಕಕ್ಕೆ ಬೆನ್ನು ತಾಗುವಂತೆ ನಿಲ್ಲಿಸಿದ. "ನೀವು ಉಡಚಮ್ಮ. ಟೀ ಕೊಡ್ರಿ." ಗುರುಬಸವರಾಜ ಬಲಗೈ ಚಾಚಿದ. "ಗ್ಲಾಸು ಹಿಡಕಂಡಂಗೆ ಹಿಡೀರಿ ಸಾರ್, ಬಿಸಿ ಇರತೈತೆ. ಇನ್ನ ಸ್ವಲ್ಪ ಬಗ್ರಿ, ಅವಳು ಗಿಡ್ಡ ಇದ್ಲು." ಅವನು ಬಗ್ಗಿದ. ಎರಡು ಬೈಕು, ಒಂದು ಅಡಿಕೆಯ ಆಟೋ ನಿಂತವು. ಇಲ್ಲದ ಗ್ಲಾಸಿನ ಬಿಸಿಗೆ ತನ್ನ ಬೆರಳುಗಳು ಅಂಚನ್ನು ಹುಡುಕಿ ಹಿಡಿದುಕೊಂಡದ್ದನ್ನು ಅವನು ಅಚ್ಚರಿಯಿಂದ ನೋಡಿದ. ದುರುಗಪ್ಪ ನೆಲದ ಮೇಲೆ ಕುಳಿತು, ಕೈ ನೀಡಿ, ಸಿಗದೆ, ಕುಳಿತೇ ಒಂದು ಗೇಣು ಹತ್ತಿರ ಸರಿದ. ಮತ್ತೆ ಕೈ ನೀಡಿದ. ಇಬ್ಬರ ಬೆರಳುಗಳು ತಾಗಿದವು.

"ಇಲ್ಲಿ," ಎಂದ ದುರುಗಪ್ಪ, ತಾನು ಕೂತ ನೆಲಕ್ಕೆ ಅಂಗೈಯಿಂದ ಬಡಿದು.

ಮೇಲಿನ ಡಾಂಬರಿನ ಪದರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅದರ ಕೆಳಗೆ ಮಣ್ಣು ಮೆತ್ತಗಿತ್ತು. ಐದು ಗಂಟೆ ಇಪ್ಪತ್ತಕ್ಕೆ ಹಾರೆಯ ಸದ್ದು ಬದಲಾಯಿತು. ಇಬ್ಬರೂ ಸೇರಿ ಬಂಡೆಯನ್ನು ಸರಿಸಿದರು. ಒಳಗಿನಿಂದ ಇಪ್ಪತ್ತು ವರ್ಷ ಯಾರೂ ಉಸಿರಾಡದ ಗಾಳಿಯ ತಣ್ಣನೆಯ ವಾಸನೆ ಬಂತು, ಅದರ ತಳದಲ್ಲಿ ದೊಡ್ಡ ವಾಲ್ವಿನ ಕಬ್ಬಿಣದ ತಲೆ. ಷಣ್ಮುಖಪ್ಪ ಚಪ್ಪಾಳೆ ತಟ್ಟಿದ. ದುರುಗಪ್ಪ ತಟ್ಟಲಿಲ್ಲ. ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಒಳಗೆ ಕೈ ಇಳಿಬಿಟ್ಟು, ಕಬ್ಬಿಣದ ಮೇಲಿನ ಮಣ್ಣನ್ನು ಮಗುವಿನ ಮೂಗು ಒರೆಸುವಂತೆ ಹೆಬ್ಬೆರಳಿನಿಂದ ಒರೆಸಿದ.

ಗುರುಬಸವರಾಜ ಫೋನಿನಲ್ಲೇ ಆ ಹಳದಿ ಸಾಲನ್ನು ಬೂದು ಮಾಡಿ, ಚೀಲದಿಂದ ಟೇಪು ಮತ್ತು ಪುಸ್ತಕ ತೆಗೆದ. ಮೊದಲು ಇದು, ನಾಳೆ ಬೆಳಿಗ್ಗೆ ಉಳಿದ ಹದಿನಾಲ್ಕು, ಆಮೇಲೆ ನಕ್ಷೆ. ಇನ್ನು ಯಾರೂ ಯಾರ ನೆನಪಿನ ಮೇಲೂ ಆತುಕೊಳ್ಳಬೇಕಾಗಿಲ್ಲ. ಹಾಳೆಯ ಮೇಲೆ ಗೋಡೆಗೊಂದು ಗೆರೆ ಎಳೆದ. ಅಂಗಡಿಯ ಮೂಲೆಗೆ ಅಡ್ಡ ಗೆರೆ ಎಳೆದ. ಆಗ ದುರುಗಪ್ಪ ಟೇಪಿನ ತುದಿಯನ್ನು ತಾನೇ ತೆಗೆದುಕೊಂಡು ಹೋಗಿ ಗೋಡೆಗೆ ಒತ್ತಿ ಹಿಡಿದ. ಸುಸ್ತಾಗಿ ಅಲ್ಲೇ ಕುಳಿತು ಕೇಳಿದ.

"ಎಲ್ಲಾ ಬರ್ಕಂಡ ಮ್ಯಾಲೆ, ನಾನು ಸತ್ರೆ ಎಷ್ಟು ದಿನ ಸಾರ್?"

ಜೇಬಿನಲ್ಲಿ ಫೋನು ಅದುರುತ್ತಿತ್ತು, ಹಾಲಸ್ವಾಮಿಯೇ ಇರಬೇಕು. ಲೆಕ್ಕ ಕಷ್ಟದ್ದಾಗಿರಲಿಲ್ಲ, ನಕ್ಷೆಯಿದ್ದರೆ ಯಾರಿಗೂ ಕಾಯಬೇಕಾಗಿಲ್ಲ. ಅವನ ತಲೆ ಬಹಳ ವರ್ಷಗಳ ಅಭ್ಯಾಸದಿಂದ ಆ ಉತ್ತರವನ್ನು ತಾನಾಗಿ ಮಾಡಿ ಇಟ್ಟಿತ್ತು, ಮತ್ತು ಆ ಅಂಕಿಯನ್ನು ಅವನು ಎದುರಿಗೆ ಕುಳಿತವನ ಮುಖ ನೋಡಿಕೊಂಡು ಹೇಳಲಾರದೆ ಹೋದ. ಟೇಪಿನ ಮೇಲೆ ಬಗ್ಗಿದ. ಕತ್ತಲಾಗುವ ಮೊದಲಿನ ಬೆಳಕಿನಲ್ಲಿ ಗೆರೆಗಳು ಒಂದರೊಳಗೊಂದು ಸೇರುತ್ತಿದ್ದವು. ಕಣ್ಣು ಒರೆಸಿಕೊಂಡು ಎರಡು ಸಲ ಓದಿ, ಗಟ್ಟಿಯಾಗಿ ಹೇಳಿ, ಬರೆದುಕೊಂಡ. ಗೋಡೆಯಿಂದ ಒಂದು ಮೀಟರ್ ಹದಿನೆಂಟು ಸೆಂಟಿಮೀಟರ್. ಆಳ ಎಂಬತ್ತೇಳು ಸೆಂಟಿಮೀಟರ್.